ಎಂಟೂಕಾಲರ ಇಂಗ್ಲಿಷ್

ಧಾರವಾಡದ ಸಪ್ತಾಪುರದಲ್ಲಿ ಶ್ರಾವಣದ ಬೆಳಗು ಸಾವಕಾಶವಾಗಿ ಆಗುತ್ತದೆ. ರಾತ್ರಿಯಿಡೀ ಜಿಟಿಜಿಟಿ ಹಿಡಿದ ಮಳೆ ಇನ್ನೂ ಪೂರ್ತಿ ನಿಂತಿರುವುದಿಲ್ಲ. ಹಂಚಿನ ಅಂಚಿನಿಂದ ಹನಿಗಳು ಕೆಳಗಿನ ತಗಡಿನ ಮೇಲೆ ಒಂದೊಂದಾಗಿ ಬೀಳುತ್ತಿರುತ್ತವೆ. ಚಹಾದಂಗಡಿಯಲ್ಲಿ ಶುಂಠಿ ಜಜ್ಜುವ ಸದ್ದು, ಖಾನಾವಳಿಯ ಕಿಟಕಿಯಿಂದ ರೊಟ್ಟಿ ಬಡಿಯುವ ಸದ್ದು, ಅದರ ಬೆನ್ನಿಗೆ ಸಾಸಿವೆ ಕರಿಬೇವು ಸಿಡಿದ ಅವಲಕ್ಕಿಯ ಘಮ. ಮಹಡಿಗಳ ಕಟಕಟೆಗೆ ನೇತುಬಿದ್ದ ಪ್ಯಾಂಟು, ಟವೆಲ್ಲು, ಚೂಡಿದಾರಗಳು ಮೂರು ದಿನವಾದರೂ ಒಣಗದೆ ಒಂದು ಥರದ ಮುಗ್ಗಲು ವಾಸನೆ ಬಿಡುತ್ತಿರುತ್ತವೆ. ಕಟ್ಟಡಗಳ ಮೈತುಂಬ ಕೋಚಿಂಗ್ ಸೆಂಟರುಗಳ ಬೋರ್ಡು: ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ., ಬ್ಯಾಂಕು, ರೈಲ್ವೆ. ಬೋರ್ಡುಗಳ ಕೆಳಗೆ, ಕೊಡೆಯಿಲ್ಲದೆ ಪುಸ್ತಕವನ್ನೇ ತಲೆಗೆ ಹಿಡಿದು ರೀಡಿಂಗ್ ರೂಮಿನ ಕಡೆ ಓಡುವ ಹುಡುಗರು. ವಿಜಯಪುರದವರು, ಬಾಗಲಕೋಟೆಯವರು, ರಾಯಚೂರು, ಯಾದಗಿರಿ, ಗದಗ, ಹಾವೇರಿಯವರು. ಅರ್ಧ ಉತ್ತರ ಕರ್ನಾಟಕವೇ ಈ ಕೆಲವು ಓಣಿಗಳಲ್ಲಿ ಬಾಡಿಗೆ ಕೋಣೆ ಹಿಡಿದು ಕೂತಿದೆಯೇನೋ ಅನ್ನಿಸುತ್ತದೆ.

ಅಂಥ ಒಂದು ಓಣಿಯ ಕೊನೆಗೆ ಹಳೆಯ ಹಂಚಿನ ಮನೆ. ಮುಂದೊಂದು ಪಾರಿಜಾತದ ಗಿಡ, ಅದರ ಬುಡದಲ್ಲಿ ಮಳೆಗೆ ನೆಲಕ್ಕಂಟಿದ ಹೂ. ಹಿತ್ತಲಲ್ಲಿ ಈಚೆಗೆ ಕಟ್ಟಿದ ಎರಡಂತಸ್ತು ಓದುವ ಹುಡುಗರ ಬಾಡಿಗೆಗೆ. ಮುಂದಿನ ಪಡಸಾಲೆ ಮಾತ್ರ ಪೂರ್ತಿ ಮಾಸ್ತರರದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾಸ್ತರರು ಬಿಳಿ ಧೋತರದ ಮೇಲೆ ಕಂದು ಸ್ವೆಟರು ಹಾಕಿ, ಕಿವಿಗೆ ಮಫ್ಲರು ಸುತ್ತಿ, ಕೈಯಳತೆಯಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂತಿದ್ದಾರೆ. ಬನ್ನಿ, ಕಟ್ಟೆಯ ಈ ತುದಿಗೆ ನಾವೂ ಕೂಡೋಣ. ಇಲ್ಲಿ ಯಾರೂ ಯಾರನ್ನೂ ಏಕೆ ಬಂದಿರಿ ಎಂದು ಕೇಳುವುದಿಲ್ಲ, ಒಂದು ಲೋಟ ಚಹಾ ತಾನಾಗಿ ಮುಂದೆ ಬರುತ್ತದೆ.

ಏಳು ಗಂಟೆ ದಾಟುವಾಗ ಹಿಂದಿನ ಮಹಡಿಯಿಂದ ಚಪ್ಪಲಿಗಳ ಸದ್ದು ಇಳಿದು ಬರುತ್ತದೆ. ಬಾಗಲಕೋಟೆ ಕಡೆಯ ಹುಡುಗ, ಬ್ಯಾಂಕ್ ಪರೀಕ್ಷೆಗೆ ಕೂತಿರುವ ಹಾವೇರಿಯವನು, ಇನ್ನಿಬ್ಬರು. ಪಕ್ಕದ ಲೇಡೀಸ್ ಪಿ.ಜಿ.ಯಿಂದ ಯಾದಗಿರಿ ಜಿಲ್ಲೆಯ ಹುಡುಗಿಯೊಬ್ಬಳು ಗೆಳತಿಯನ್ನು ಕರೆದುಕೊಂಡು ಬರುತ್ತಾಳೆ. ಮಾಸ್ತರರು ಟ್ರಾನ್ಸಿಸ್ಟರಿನ ಕಿವಿ ಹಿಂಡಿ ಮುಳ್ಳನ್ನು 765ರ ಹತ್ತಿರ ತಂದು ನಿಲ್ಲಿಸುತ್ತಾರೆ. ಕರಕರ ಸದ್ದಿನ ನಡುವಿನಿಂದ ಆಕಾಶವಾಣಿ ಧಾರವಾಡ ಮೇಲೆದ್ದು ಬರುತ್ತದೆ. ಏಳೂ ಐದಕ್ಕೆ ಕನ್ನಡದಲ್ಲಿ ಪ್ರದೇಶ ಸಮಾಚಾರ. ಇಂಗ್ಲಿಷ್ ಕಲಿಯಲು ಕೂತವರು ಮೊದಲು ಕೇಳುವುದು ಕನ್ನಡ ವಾರ್ತೆಯನ್ನು. ಅದೂ ಹಗುರಾಗಿ ಅಲ್ಲ. ಪರೀಕ್ಷೆಯ ಹಾಲಿನಲ್ಲಿ ಕೂತವರಂತೆ ಕಣ್ಣು ನೆಲಕ್ಕಿಟ್ಟು, ಮೈಯೆಲ್ಲ ಕಿವಿಯಾಗಿಸಿ.

"ಏನ ಐತಿ ಇವತ್ತ?" ವಾರ್ತೆ ಮುಗಿದೊಡನೆ ಮಾಸ್ತರರ ಪ್ರಶ್ನೆ.

"ಆಲಮಟ್ಟಿಗೆ ಒಳಹರಿವು ಹೆಚ್ಚಾಗೇತ್ರಿ ಸರ. ನಾರಾಯಣಪುರದಿಂದ ನೀರ ಬಿಟ್ಟಾರಂತ. ಕರಾವಳಿ ಕಡೆ ಸಾಲಿ ಸೂಟಿ."

"ಮತ್ತ?"

"ದಿಲ್ಲಿ ಒಳಗ ಪಾರ್ಲಿಮೆಂಟ್ ಗದ್ದಲ್ರಿ. ರಿಜರ್ವ್ ಬ್ಯಾಂಕಿನವರು ಇವತ್ತ ಬಡ್ಡಿ ದರದ ಬಗ್ಗೆ ಹೇಳತಾರ್ರಿ."

ಮಾಸ್ತರರಿಗೆ ಅಷ್ಟು ಸಾಕು. ಇನ್ನೊಂದು ತಾಸಿಗೆ ಇದೇ ಸುದ್ದಿ ಇಂಗ್ಲಿಷಿನಲ್ಲಿ ಬರುವಾಗ ಹುಡುಗರಿಗೆ ಏನಾಗಿದೆ ಎಂಬುದು ಗೊತ್ತಿರುತ್ತದೆ. ಹೇಗೆ ಹೇಳುತ್ತಾರೆ ಎಂಬುದೊಂದನ್ನೇ ಹುಡುಕಿದರಾಯಿತು. ಇಷ್ಟು ಸರಳವಾದ ಕ್ರಮವನ್ನು ನಮ್ಮ ಶಾಲೆಗಳು ಏಕೆ ಹಿಡಿಯಲಿಲ್ಲವೋ. ಹಳ್ಳಿಯ ಹುಡುಗನಿಗೆ ಇಂಗ್ಲಿಷ್ ಕಷ್ಟವಾಗುವುದಕ್ಕೆ ಭಾಷೆಯೊಂದೇ ಕಾರಣವಲ್ಲ. ಅವನು ಕಾಣದ ಹಿಮ, ತಿನ್ನದ ತಿಂಡಿ, ಓಡಾಡದ ಬೀದಿ ಅವನ ಪಾಠದಲ್ಲಿ ತುಂಬಿರುತ್ತವೆ. ವಿಷಯವೂ ಅಪರಿಚಿತ, ಮಾತೂ ಅಪರಿಚಿತವಾದರೆ ಕಾಲೂರಲು ನೆಲವೆಲ್ಲಿ? ಸುದ್ದಿಯಲ್ಲಿ ಹಾಗಿಲ್ಲ. ಸುದ್ದಿ ಅವನದೇ ನದಿಯದು, ಅವನದೇ ಬೆಳೆಸಾಲದ್ದು.

ನಡುವಿನ ಒಂದು ತಾಸಿನಲ್ಲಿ ಓಣಿಗೆ ಪೂರ್ತಿ ಎಚ್ಚರವಾಗುತ್ತದೆ. ಹಾಲಿನ ಕ್ಯಾನು ಕಟ್ಟಿದ ಮೋಟರ್ ಸೈಕಲ್ಲು ಹೊಂಡದ ನೀರು ಸಿಡಿಸಿ ಹೋಗುತ್ತದೆ. ಹುಡುಗರು ಖಾನಾವಳಿಗೆ ಹೋಗಿ ಬರುತ್ತಾರೆ. ಎಂಟರ ಹಿಂದಿ ವಾರ್ತೆ ಪಕ್ಕದ ಮನೆಯಿಂದ ಗೋಡೆ ದಾಟಿ ಕೇಳುತ್ತಿರುತ್ತದೆ. ಎಂಟೂಕಾಲಕ್ಕೆ ಐದು ನಿಮಿಷ ಇರುವಾಗ ಯಾದಗಿರಿ ಹುಡುಗಿ ತನ್ನ ಮೊಬೈಲನ್ನು ಹೊರತೆಗೆದು ಆಕಾಶವಾಣಿಯ ಆ್ಯಪ್ ತೆರೆಯುತ್ತಾಳೆ, ಒಂದು ಖಾಲಿ ಸ್ಟೀಲಿನ ತಂಬಿಗೆಯೊಳಗೆ ಅದನ್ನು ನಿಲ್ಲಿಸುತ್ತಾಳೆ. ತಂಬಿಗೆಯ ಹೊಟ್ಟೆಯಲ್ಲಿ ದನಿ ತಿರುಗಿ, ದುಂಡಗಾಗಿ, ಪಡಸಾಲೆಯ ಮೂಲೆಗೂ ಮುಟ್ಟುತ್ತದೆ. ಸ್ಪೀಕರಿಗೆ ದುಡ್ಡು ಕೊಡದೆ ಕೋಣೆ ಕೋಣೆಯಲ್ಲಿ ಈ ಹುಡುಗರು ಕಂಡುಕೊಂಡ ಉಪಾಯ ಇದು.

ಮತ್ತೆ ಇಂಗ್ಲಿಷ್ ವಾರ್ತೆಯ ಆ ಹದಿನೈದು ನಿಮಿಷ. ಆತುರವಿಲ್ಲದ, ಏರುದನಿಯಿಲ್ಲದ ಓದು. ಪ್ರತಿ ವಾಕ್ಯದ ಕೊನೆಗೆ ಉಸಿರು ತೆಗೆದುಕೊಳ್ಳುವಷ್ಟು ಜಾಗ. ಆ ಹೊತ್ತಿನಲ್ಲಿ ಇಲ್ಲಿ ಯಾರೂ ಪೆನ್ನು ಮುಟ್ಟುವಂತಿಲ್ಲ, ಡಿಕ್ಷನರಿ ತೆರೆಯುವಂತಿಲ್ಲ. ಹಾವೇರಿಯ ಹುಡುಗ ಮಾತ್ರ ತುಟಿಯಲ್ಲೇ ವಾರ್ತೆ ಓದುವವರ ಬೆನ್ನು ಹತ್ತಿರುತ್ತಾನೆ. ಅವರು ಒಂದು ಪದ ಮುಗಿಸಿದ ಅರೆಗಳಿಗೆಗೆ ಇವನದೂ ಮುಗಿಯುತ್ತದೆ. ಎಲ್ಲಿ ಒತ್ತಿದರು, ಎಲ್ಲಿ ಹಗುರಾಗಿ ಬಿಟ್ಟರು ಎಂಬುದು ಹೀಗೆ ಬೆನ್ನು ಹತ್ತಿದವನ ನಾಲಿಗೆಗೆ ಮಾತ್ರ ತಿಳಿಯುತ್ತದೆ. ಕನ್ನಡದಲ್ಲಿ ನಾವು ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಸಮನಾದ ತೂಕ ಕೊಟ್ಟು ಮಾತಾಡುವವರು. ಇಂಗ್ಲಿಷು ಒಂದು ಪದದಲ್ಲಿ ಒಂದೆಡೆ ಭಾರ ಹಾಕಿ ಉಳಿದದ್ದನ್ನು ನುಂಗಿಬಿಡುತ್ತದೆ. ಪುಸ್ತಕದಲ್ಲಿ ಇದು ಕಾಣುವುದಿಲ್ಲ, ಕಿವಿಗೇ ಬೀಳಬೇಕು.

ವಾರ್ತೆಯ ಕಟ್ಟಡವನ್ನು ಗಮನಿಸಿ. ಮೊದಲು ಮುಖ್ಯಾಂಶಗಳು, ಆಮೇಲೆ ವಿವರ, ಮುಗಿಸುವ ಮುನ್ನ ಮತ್ತೊಮ್ಮೆ ಮುಖ್ಯಾಂಶಗಳು. ಒಂದೇ ಸಂಗತಿ ಒಂದೇ ಕೂತಿನಲ್ಲಿ ಮೂರು ಸಲ, ಮೂರು ಉದ್ದದಲ್ಲಿ ಕಿವಿಗೆ ಬೀಳುತ್ತದೆ. ಮೊದಲ ಸಲ ಹೆಸರುಗಳು ಸಿಗುತ್ತವೆ, ಎರಡನೆಯ ಸಲ ನಡೆದದ್ದು ಬಿಡಿಸಿಕೊಳ್ಳುತ್ತದೆ, ಮೂರನೆಯ ಸಲಕ್ಕೆ ವಾಕ್ಯವೇ ಬಾಯಿಗೆ ಬರುತ್ತದೆ. ರಾತ್ರಿ ಒಂಬತ್ತರ ವಾರ್ತೆಯಲ್ಲಿ ಅದೇ ಸಂಗತಿ ಸ್ವಲ್ಪ ಬೆಳೆದು ಮತ್ತೆ ಎದುರಾಗುತ್ತದೆ. ಕೇಳುಗರಿಗೆ ಪಾಠ ಮಾಡಬೇಕೆಂದು ಯಾರೂ ಹಾಗೆ ಕಟ್ಟಿದ್ದಲ್ಲ. ಕೇಳಿದ್ದನ್ನು ಹಿಂದಕ್ಕೆ ತಿರುವಿ ನೋಡಲಾಗದ ಮಾಧ್ಯಮಕ್ಕೆ ಅದು ಅನಿವಾರ್ಯವಾಗಿತ್ತು. ಕಲಿಯುವವರಿಗೆ ಅದೇ ವರವಾಯಿತು.

ದನಿ ನಿಂತ ಮೇಲೆ ಶುರುವಾಗುತ್ತದೆ ನಿಜವಾದ ಕೆಲಸ. ಒಬ್ಬೊಬ್ಬರೂ ತಮಗೆ ಸಿಕ್ಕಿದ್ದನ್ನು ಇಂಗ್ಲಿಷಿನಲ್ಲೇ ಹೇಳಬೇಕು, ತಪ್ಪಿದರೂ ನಿಲ್ಲಿಸಬಾರದು. ಆಮೇಲೆ ನೋಟ್‌ಬುಕ್ಕು. ಹೊಸದಾಗಿ ಸೇರಿದ ಹುಡುಗನೊಬ್ಬ ಎಡಗಡೆ ಪದ, ಬಲಗಡೆ ಅರ್ಥ ಎಂದು ಗೆರೆ ಎಳೆದುಕೊಂಡು ಕೂತಿದ್ದ. ಮಾಸ್ತರರು ಆ ಗೆರೆಯ ಮೇಲೆ ಬೆರಳಿಟ್ಟರು.

"ತಮ್ಮಾ, ಶಬ್ದ ಒಂದ ಕರಕೊಂಡ ಬಂದ್ರ ಅದು ನಿನ್ನ ಕೂಡ ಇರಂಗಿಲ್ಲ. ಅದರ ಮನಿ ಮಂದೀನೂ ಕರಕೊಂಡ ಬಾ."

ಎಂದರೆ, ಪದ ಯಾವುದರ ಜೊತೆ ಕೂಡಿ ಬಂದಿತೋ ಆ ಇಡೀ ಗುಂಪನ್ನು ಬರೆಯಬೇಕು. ‘ಕಾಲ್’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಮಂತ್ರಿಯೊಬ್ಬರು ರಾಷ್ಟ್ರಪತಿಯವರನ್ನು ‘ಕಾಲ್ಡ್ ಆನ್’ ಎಂದರೆ ಭೇಟಿಯಾದರು. ವಿರೋಧ ಪಕ್ಷ ತನಿಖೆಗೆ ‘ಕಾಲ್ಡ್ ಫಾರ್’ ಎಂದರೆ ಒತ್ತಾಯಿಸಿತು. ನೌಕರರ ಸಂಘ ಮುಷ್ಕರವನ್ನು ‘ಕಾಲ್ಡ್ ಆಫ್’ ಎಂದರೆ ಕೈಬಿಟ್ಟಿತು. ಮೂರನ್ನೂ ಯಾದಗಿರಿಯ ಹುಡುಗಿ ಮೂರು ಬೇರೆ ಬೇರೆ ದಿನ, ಮೂರು ಬೇರೆ ಸುದ್ದಿಯ ಕೆಳಗೆ ಬರೆದುಕೊಂಡಿದ್ದಾಳೆ. ಅವಳ ನೋಟ್‌ಬುಕ್ಕಿನಲ್ಲಿ ಅರ್ಥದ ಕಾಲಮ್ಮೇ ಇಲ್ಲ. ತಾರೀಖು ಇದೆ, ಸುದ್ದಿ ಇದೆ, ಕೆಳಗೆ ಗೆರೆ ಎಳೆದ ಮಾತು ಇದೆ. ಅನುಮಾನ ಬಂದ ವಾಕ್ಯವನ್ನು ಆಕಾಶವಾಣಿಯ ವೆಬ್‌ಸೈಟಿನಲ್ಲಿ ಸಿಗುವ ವಾರ್ತೆಯ ಪಠ್ಯದ ಜೊತೆ ಆಮೇಲೆ ತಾಳೆ ನೋಡುತ್ತಾಳೆ. ಪುಟ ತಿರುವಿದರೆ ದೇಶದ ಒಂದು ವರ್ಷ ಹಾದುಹೋದಂತೆ ಕಾಣುತ್ತದೆ.

ಈ ಹುಡುಗರ ನೋಟ್‌ಬುಕ್ಕುಗಳಲ್ಲಿ ಎಲ್ಲಕ್ಕಿಂತ ದಟ್ಟವಾಗಿ ತುಂಬಿರುವುದು ಮಳೆ. ಜೂನ್ ಮೊದಲ ದಿನಗಳಲ್ಲಿ ಕೇರಳಕ್ಕೆ ಮುಂಗಾರು ತಾಗಿದ್ದು ‘ಆನ್‌ಸೆಟ್’ ಆಗಿ ಬರುತ್ತದೆ. ಅದು ಮೇಲೆ ಹತ್ತುತ್ತ ಬಂದರೆ ‘ಅಡ್ವಾನ್ಸ್’, ನಡುವೆ ಕೈಕೊಟ್ಟರೆ ‘ಬ್ರೇಕ್’, ಮತ್ತೆ ಹಿಡಿದರೆ ‘ರಿವೈವಲ್’, ಕೊನೆಗೆ ‘ವಿಥ್‌ಡ್ರಾವಲ್’. ಹೊಲ ಹರಗಿ ಬಿತ್ತನೆಗೆ ಆಕಾಶ ನೋಡುತ್ತ ಕೂತ ಮನೆಯಿಂದ ಬಂದವರಿಗೆ ಇವುಗಳ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಅಪ್ಪಂದಿರು ಇದೇ ಐದು ಹಂತಗಳನ್ನು ಮಳೆ ನಕ್ಷತ್ರಗಳ ಹೆಸರಿನಲ್ಲಿ, ರೋಹಿಣಿ ಮಿರಗ ಆದ್ರಿ ಎಂದು ಎಣಿಸಿ ಬಲ್ಲವರು.

‘ಹೆವಿ ಟು ವೆರಿ ಹೆವಿ ರೈನ್‌ಫಾಲ್ ಅಟ್ ಐಸೊಲೇಟೆಡ್ ಪ್ಲೇಸಸ್’ ಎಂಬ ಸಾಲು ಈ ಕಾಲದಲ್ಲಿ ಹೆಚ್ಚುಕಡಿಮೆ ದಿನವೂ ಕೇಳಿಬರುತ್ತದೆ. ಮೊದಮೊದಲು ಹುಡುಗರು ಅದನ್ನು ವಾರ್ತೆ ಓದುವವರ ಅಲಂಕಾರ ಅಂದುಕೊಂಡಿದ್ದರಂತೆ. ಮಾಸ್ತರರು ಬಿಡಲಿಲ್ಲ, ಹವಾಮಾನ ಇಲಾಖೆಯ ಪಟ್ಟಿಯನ್ನೇ ಗೋಡೆಗೆ ಹಚ್ಚಿದರು. ಸುಣ್ಣ ಬಿಟ್ಟ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕಕ್ಕೆ, ಅದು ಈಗಲೂ ಇದೆ. 24 ತಾಸಿನಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಹೆವಿ. ಅಲ್ಲಿಂದ 204.4ರವರೆಗೆ ವೆರಿ ಹೆವಿ. ಅದನ್ನೂ ಮೀರಿದರೆ ಎಕ್ಸ್‌ಟ್ರೀಮ್ಲಿ ಹೆವಿ. ಐಸೊಲೇಟೆಡ್ ಎಂದರೂ ಬಾಯಿಗೆ ಬಂದಂತೆ ಹೇಳಿದ್ದಲ್ಲ: ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕನೆಯ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆ ಎಂದರ್ಥ. ಮುಕ್ಕಾಲು ಪಾಲಿಗಿಂತ ಹೆಚ್ಚು ಕಡೆಯಾದರೆ ವೈಡ್‌ಸ್ಪ್ರೆಡ್. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೈಕಟ್ಟಿ ಕೂಡಬೇಡಿ. ವಿಶೇಷಣ ಎಂಬುದು ಅಳತೆಯೂ ಆಗಬಲ್ಲದು ಎಂದು ಈ ಗೋಡೆ ಹೇಳುತ್ತದೆ. ಅದನ್ನು ನೋಡಿದ ಮೇಲೆ ಯಾವ ಹುಡುಗನೂ ‘ವೆರಿ’ ಎಂಬ ಪದವನ್ನು ಉಪ್ಪಿನಂತೆ ಎಲ್ಲೆಂದರಲ್ಲಿ ಉದುರಿಸಲಾರ.

ಬಾಗಲಕೋಟೆಯ ಹುಡುಗ ‘ಇನ್‌ಫ್ಲೋ’, ‘ಔಟ್‌ಫ್ಲೋ’ ಬಂದಾಗ ತಲೆಯೆತ್ತುತ್ತಾನೆ. ಅವನ ಊರು ಕೃಷ್ಣೆಯ ಹಿನ್ನೀರಿನ ದಂಡೆಗೆ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್ ಎಂಬುದು ಅವನಿಗೆ ಶಾಲೆಯಲ್ಲಿ ಕಲಿತ ಸಂಖ್ಯೆಯಲ್ಲ, ಮನೆಮಾತು. ಇಂಗ್ಲಿಷ್ ವಾರ್ತೆಯಲ್ಲಿ ಆ ಹೆಸರು ಬಂದ ದಿನ ಅವನು ಲಕ್ಷ ಕ್ಯೂಸೆಕ್ಸಿನ ಲೆಕ್ಕವನ್ನು ಎಲ್ಲರಿಗೂ ಬಿಡಿಸಿ ಹೇಳುತ್ತಾನೆ: ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್ ನೀರು. ಒಂದು ಲಕ್ಷವೆಂದರೆ ಕಣ್ಣು ಮಿಟುಕಿಸಿದಷ್ಟರಲ್ಲಿ ಇಪ್ಪತ್ತೆಂಟು ಲಕ್ಷ ಲೀಟರ್. ಅಷ್ಟು ಹೇಳುವಾಗ ಅವನ ಇಂಗ್ಲಿಷು ಎಲ್ಲೂ ತಡವರಿಸುವುದಿಲ್ಲ. ಕೆಳದಂಡೆಯ ಯಾದಗಿರಿ ಹುಡುಗಿ ಆ ನೀರು ತನ್ನ ಕಡೆಗೇ ಬರುತ್ತಿರುವುದೆಂದು ಊರಿಗೆ ಫೋನು ಹಚ್ಚುತ್ತಾಳೆ. ಕಲಿಕೆಯೂ ಬದುಕೂ ಇಷ್ಟು ಹತ್ತಿರ ಕೂತದ್ದನ್ನು ನಾನು ಬೇರೆ ತರಗತಿಗಳಲ್ಲಿ ಕಂಡಿಲ್ಲ.

ಉಳಿದ ಸುದ್ದಿಗಳಿಗೆ ಇಷ್ಟು ಪ್ರೀತಿಯಿಲ್ಲ, ಆದರೆ ಬಿಡುವಂತಿಲ್ಲ. ರೆಪೊ ದರ ‘25 ಬೇಸಿಸ್ ಪಾಯಿಂಟ್ಸ್’ ಇಳಿಯಿತೆಂದರೆ ಕಾಲು ಶೇಕಡಾ ಇಳಿದಂತೆ. ಬ್ಯಾಂಕ್ ಪರೀಕ್ಷೆಯ ಹುಡುಗನಿಗೆ ಇದು ಅನ್ನದ ಪ್ರಶ್ನೆ. ಲೋಕಸಭೆ ಗದ್ದಲದ ನಡುವೆ ‘ಅಡ್ಜರ್ನ್ಡ್’ ಆದರೆ ಮತ್ತೆ ಸೇರುವ ಹೊತ್ತು ಗೊತ್ತಿದೆ, ‘ಸೈನೆ ಡೈ’ ಸೇರಿದರೆ ಗೊತ್ತಿಲ್ಲ. ಮಸೂದೆಯನ್ನು ‘ಟೇಬಲ್’ ಮಾಡಿದರೆಂದರೆ ನಮ್ಮಲ್ಲಿ ಮಂಡಿಸಿದರೆಂದು, ಅಮೆರಿಕದಲ್ಲಿ ಬದಿಗಿಟ್ಟರೆಂದು. ಎರಡೂ ಕಡೆಯ ವಾರ್ತೆ ಕೇಳುವವನು ಎಚ್ಚರದಿಂದಿರಬೇಕು.

ಆ ಎರಡೂ ಕಡೆಯ ವಾರ್ತೆ ಕೇಳಿ ಬೆಳೆದವರು ಮಾಸ್ತರರು. ಅವರು ಚಿಕ್ಕವರಿದ್ದಾಗ ಊರಿಗೆಲ್ಲ ಇದ್ದ ರೇಡಿಯೊ ಎಂದರೆ ಪಂಚಾಯ್ತಿ ಕಟ್ಟೆಯದೊಂದು, ದೊಡ್ಡ ಮನೆಯವರದೊಂದು. ಹೊತ್ತು ಮುಳುಗಿದ ಮೇಲೆ ಶಾರ್ಟ್‌ವೇವ್ ಚೊಕ್ಕವಾಗಿ ಸಿಗುತ್ತಿತ್ತು. 31 ಮೀಟರ್ ಬ್ಯಾಂಡಿನಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಜರುಗಿಸಿದರೆ ಸಮುದ್ರದ ಅಲೆಯಂತೆ ಏರಿ ಇಳಿಯುವ ದನಿಯಲ್ಲಿ ಲಂಡನ್ ಬರುತ್ತಿತ್ತು: ಆರು ಪಿಪ್ ಸದ್ದು, ಲಿಲ್ಲಿಬುಲೇರೊ ಎಂಬ ಹುರುಪಿನ ಧಾಟಿ, ಬುಷ್ ಹೌಸಿನಿಂದ ವಾರ್ತೆ. ಬಿ.ಬಿ.ಸಿ. ತನ್ನ ದೂರದೇಶದ ಪ್ರಸಾರವನ್ನು 1932ರಲ್ಲಿ, ರೇಡಿಯೊ ಮೂಲಕ ಇಂಗ್ಲಿಷ್ ಕಲಿಸುವುದನ್ನು ಯುದ್ಧದ ನಡುವೆ 1943ರಲ್ಲಿ ಆರಂಭಿಸಿತ್ತು. ಹುಡುಗ ಮಾಸ್ತರರಿಗೆ ಲಂಡನ್ನಿನ ಓಟ ಸಿಗುತ್ತಿರಲಿಲ್ಲ. ಸಿಕ್ಕದ್ದು ವಾಯ್ಸ್ ಆಫ್ ಅಮೆರಿಕದ ಸ್ಪೆಷಲ್ ಇಂಗ್ಲಿಷ್.

ಅದರ ಮಾತು ಬಂದರೆ ಮಾಸ್ತರರ ಮುಖ ಅರಳುತ್ತದೆ. 1959ರ ಅಕ್ಟೋಬರ್ 19ರಂದು ಶುರುವಾದ ಆ ವಾರ್ತೆಯನ್ನು ಸಾಮಾನ್ಯ ವೇಗದ ಮೂರರಲ್ಲಿ ಎರಡು ಪಾಲಿಗೆ ಇಳಿಸಿ ಓದುತ್ತಿದ್ದರು. ಒಟ್ಟು ಬಳಸುವ ಪದಗಳು ಸುಮಾರು 1,500. ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ವಿಚಾರ, ನುಡಿಗಟ್ಟುಗಳ ಕಗ್ಗಂಟಿಲ್ಲ. ಇಷ್ಟರಲ್ಲೇ ಅಣುಪರೀಕ್ಷೆ, ಚುನಾವಣೆ, ಚಂದ್ರನ ಮೇಲೆ ಕಾಲಿಟ್ಟದ್ದು ಎಲ್ಲವನ್ನೂ ಹೇಳುತ್ತಿದ್ದರು. "ಅವರು ನಿಧಾನ ಓದತಿದ್ರು, ಆದ್ರ ನಮ್ಮನ್ನ ಸಣ್ಣ ಮಕ್ಕಳಂತ ತಿಳೀತಿರಲಿಲ್ಲ" ಎನ್ನುತ್ತಾರೆ ಮಾಸ್ತರರು. ಸಾಯಂಕಾಲದ ಮಬ್ಬಿನಲ್ಲಿ ಕಂದೀಲು ಹಚ್ಚಿಕೊಂಡು, ಪಾಟಿಯ ಮೇಲೆ ಬಳಪದಿಂದ ಕೇಳಿದ ಪದ ಕೇಳಿದಂತೆ ಕನ್ನಡ ಅಕ್ಷರದಲ್ಲೇ ಬರೆದುಕೊಂಡು, ಮರುದಿನ ಸಾಲಿಯ ಹೆಡ್ ಮಾಸ್ತರರಿಗೆ ತೋರಿಸಿ ಸ್ಪೆಲ್ಲಿಂಗು ಬರೆಸಿಕೊಳ್ಳುತ್ತಿದ್ದರಂತೆ. ಕಿವಿ ಮೊದಲು, ಅಕ್ಷರ ಆಮೇಲೆ. 2025ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರದ ಆದೇಶದಿಂದ ಆ ಬಾನುಲಿಯ ಸಿಬ್ಬಂದಿಯನ್ನು ರಜೆಯ ಮೇಲೆ ಕಳಿಸಿ ಪ್ರಸಾರ ನಿಲ್ಲಿಸಿದ ಸುದ್ದಿಯನ್ನೂ ಅವರು ಈ ಪಡಸಾಲೆಯಲ್ಲೇ ಕೇಳಿದರು. ಆ ದಿನ ಅವರು ಬಹಳ ಮಾತಾಡಲಿಲ್ಲವೆಂದು ಹುಡುಗರು ಹೇಳುತ್ತಾರೆ. ಯಾವ ದೇಶದ್ದೇ ಇರಲಿ, ತನ್ನ ಭಾಷೆಯನ್ನು ಪರದೇಶದ ಬಡ ಹುಡುಗನಿಗೆ ತಿಳಿಯುವಷ್ಟು ನಿಧಾನವಾಗಿ ಓದಿದ ದನಿಯೊಂದು ನಿಂತರೆ ಅದು ದೊಡ್ಡ ನಷ್ಟವೇ.

ನಮ್ಮ ಆಕಾಶವಾಣಿಯ ಕತೆ ಹತ್ತಿರದ್ದು. ದೆಹಲಿಯಿಂದ ಮೊದಲ ವಾರ್ತೆ ಹೊರಟದ್ದು 1936ರ ಜನವರಿ 19ರಂದು. ಅದಕ್ಕೆ ಕೆಲವೇ ತಿಂಗಳು ಮುಂಚೆ, 1935ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿ ಆಕಾಶವಾಣಿ ಎಂಬ ಹೆಸರನ್ನು ಬಳಕೆಗೆ ತಂದಿದ್ದರು. ಧಾರವಾಡ ಕೇಂದ್ರ 1950ರದು. 2023ರಿಂದ ಇಂಗ್ಲಿಷ್ ವಾರ್ತೆಯಲ್ಲೂ ಆಲ್ ಇಂಡಿಯಾ ರೇಡಿಯೊ ಎನ್ನುವುದನ್ನು ಬಿಟ್ಟು ಆಕಾಶವಾಣಿ ಎಂದೇ ಹೇಳುತ್ತಾರೆ. ಎಂಟೂಕಾಲಕ್ಕೆ ತಂಬಿಗೆಯೊಳಗಿನಿಂದ ಆ ಹೆಸರು ಇಂಗ್ಲಿಷ್ ವಾಕ್ಯದಲ್ಲಿ ಕೂತು ಬರುವಾಗ ಮೈಸೂರಿನ ಆ ಮನೆಯನ್ನು ನೆನೆಯುವುದು ನಮ್ಮ ಪಾಲಿಗಿರಲಿ.

ಟಿ.ವಿ. ಚಾನೆಲ್ಲುಗಳಿಂದ ಕಲಿಯಬಾರದೆ? ಹುಡುಗರು ನೋಡುತ್ತಾರೆ. ತೆರೆಯ ಕೆಳಗೆ ಹರಿಯುವ ಪಟ್ಟಿಯಿಂದ ಸ್ಪೆಲ್ಲಿಂಗು ಸಿಗುತ್ತದೆ, ತಲೆಬರಹದ ವ್ಯಾಕರಣ ಸಿಗುತ್ತದೆ. ನಿನ್ನೆ ಆದದ್ದನ್ನು ಇಂದಿನಂತೆ ಬರೆಯುವುದು, ನಾಳೆ ಆಗುವುದಕ್ಕೆ ಬರೀ ‘ಟು’ ಹಚ್ಚುವುದು, ಇವೆಲ್ಲ ಕಣ್ಣಿಗೆ ಬಿದ್ದೇ ರೂಢಿಯಾಗಬೇಕು. ಬಿ.ಬಿ.ಸಿ.ಯ ಆರು ನಿಮಿಷದ ಪಾಠಗಳನ್ನು ಹಾವೇರಿಯವನು ಊಟದ ಹೊತ್ತಿಗೆ ಮೊಬೈಲಿನಲ್ಲಿ ಕೇಳುತ್ತಾನೆ, ಅವು ಬಹಳ ಒಳ್ಳೆಯವು. ಆದರೆ ರಾತ್ರಿಯ ಚರ್ಚೆಗಳು ಕಲಿಯುವವರ ಪಾಲಿಗೆ ನಿರುಪಯೋಗಿ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಏಳು ಜನ ಒಟ್ಟಿಗೆ ಕೂಗುವಲ್ಲಿ ಒಂದು ವಾಕ್ಯವೂ ತನ್ನ ಕೊನೆ ಮುಟ್ಟುವುದಿಲ್ಲ. ಮುಗಿಯದ ವಾಕ್ಯದಿಂದ ಭಾಷೆ ಕಲಿಯಲಾಗದು.

ವಾರ್ತೆಯನ್ನೇ ಹಿಡಿಯಲು ಇನ್ನೊಂದು ಕಾರಣವೂ ಇದೆ, ಮಾಸ್ತರರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಒಳ್ಳೆಯ ವಾರ್ತೆಯಲ್ಲಿ ಯಾರೂ ಸುಮ್ಮನೆ ಏನನ್ನೂ ಹೇಳುವುದಿಲ್ಲ. ‘ಅಕಾರ್ಡಿಂಗ್ ಟು’ ಎಂದು ಹೇಳಿದವರ ಹೆಸರು ಬರುತ್ತದೆ. ಕಳ್ಳತನ ಮಾಡಿದ ಎನ್ನುವುದಿಲ್ಲ, ‘ಅಲೆಜೆಡ್ಲಿ’ ಸೇರುತ್ತದೆ. ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಮಾತ್ರ ಅದು ಕಳಚುತ್ತದೆ. ‘ಸೆಡ್’ ಎಂಬಲ್ಲಿ ‘ಕ್ಲೇಮ್ಡ್’ ಬಂದರೆ ವರದಿಗಾರ ಒಂದು ಹೆಜ್ಜೆ ದೂರ ನಿಂತಿದ್ದಾನೆ, ‘ಕನ್ಫರ್ಮ್ಡ್’ ಬಂದರೆ ಪಕ್ಕಕ್ಕೇ ಬಂದಿದ್ದಾನೆ. ಈ ಹೆಜ್ಜೆಗಳನ್ನು ಕಿವಿಯಲ್ಲಿ ಅಳೆಯಲು ಕಲಿತ ಹುಡುಗಿ ವಾಟ್ಸ್ಯಾಪಿಗೆ ಬಂದದ್ದನ್ನು ಹಾಗೇ ಮುಂದೂಡುವುದಿಲ್ಲ, ಯಾರು ಹೇಳಿದ್ದು ಎಂದು ಕೇಳುತ್ತಾಳೆ. ಪರೀಕ್ಷೆಗೆಂದು ಶುರುಮಾಡಿದ್ದು ಸ್ವಭಾವಕ್ಕೆ ಇಳಿಯುತ್ತದೆ. ಈ ಪಡಸಾಲೆಯ ದೊಡ್ಡ ಗಳಿಕೆ ನನಗೆ ಕಂಡಂತೆ ಇದೇ.

ಕೊರತೆಯೂ ಇಲ್ಲದಿಲ್ಲ. ವಾರ್ತೆಯ ಇಂಗ್ಲಿಷಿನಲ್ಲಿ ಸಂತಾಪ ಸೂಚಿಸಬಹುದು, ಒಪ್ಪಂದಕ್ಕೆ ಸಹಿ ಹಾಕಬಹುದು, ಆದರೆ ಬಸ್ಸಿನಲ್ಲಿ ಸ್ವಲ್ಪ ಸರಿದು ಕೂಡಿ ಎನ್ನಲು ಅದು ನೆರವಿಗೆ ಬರುವುದಿಲ್ಲ. ಕೆಳಗಿನ ಖೋಲಿಯಲ್ಲಿ ಇದ್ದು ಈಗ ಬೆಂಗಳೂರಿನಲ್ಲಿ ಕೆಲಸ ಹಿಡಿದ ಹುಡುಗನೊಬ್ಬ ಹಬ್ಬಕ್ಕೆ ಬಂದಾಗ ಹೇಳಿದ: ಸಂದರ್ಶನದಲ್ಲಿ ಬಜೆಟ್ಟಿನ ಬಗ್ಗೆ ಸಲೀಸಾಗಿ ಮಾತಾಡಿದೆ, ಹೊರಗೆ ಬಂದ ಮೇಲೆ ಊಟ ಆಯ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಉತ್ತರ ತೋಚಲಿಲ್ಲ. ಮಾಸ್ತರರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ದೊಡ್ಡ ಮಾತನ್ನು ಸಣ್ಣ ಬದುಕಿಗೆ ಇಳಿಸಬೇಕು. ಅಲ್ಲಿಂದ ಶುರುವಾಯಿತು ಭಾನುವಾರದ ವಾರ್ತೆ.

ಭಾನುವಾರ ಕೋಚಿಂಗ್ ಗಡಿಬಿಡಿಯಿಲ್ಲ. ಹತ್ತು ಗಂಟೆಗೆ ಮಳೆ ಹೊರಪಾಗಿ ಪಾರಿಜಾತದ ಗಿಡದ ಮೇಲೆ ಎಳೆ ಬಿಸಿಲು ಬಿದ್ದಿದೆ, ಒಳಗಿನಿಂದ ಮಾಸ್ತರರ ಮನೆಯವರು ಮಂಡಾಳ ಸೂಸಲದ ದೊಡ್ಡ ತಾಟು ತಂದಿಟ್ಟು, "ತಿಂದ ಓದ್ರಿ ಮಕ್ಕಳ, ಓದೋದು ಎಲ್ಲಿಗೂ ಓಡಂಗಿಲ್ಲ" ಎಂದು ಹೋಗುತ್ತಾರೆ. ಸರದಿಯಂತೆ ಒಬ್ಬೊಬ್ಬರೂ ತಮ್ಮ ಊರಿನ ವಾರ್ತೆಯನ್ನು ಇಂಗ್ಲಿಷಿನಲ್ಲಿ ಓದಬೇಕು. ಮೊದಲು ಮುಖ್ಯಾಂಶ, ಆಮೇಲೆ ವಿವರ, ಕೊನೆಗೆ ಮತ್ತೆ ಮುಖ್ಯಾಂಶ. ರಾಷ್ಟ್ರದ ವಾರ್ತೆಯ ಮಾತುಗಳು, ಆದರೆ ಸುದ್ದಿ ಮಾತ್ರ ತನ್ನ ಓಣಿಯದು. ಹಾವೇರಿಯವನ ಊರಿನಲ್ಲಿ ಗೋವಿನಜೋಳಕ್ಕೆ ಹುಳ ಬಿದ್ದು ರೈತರು ನೆರವಿಗೆ ‘ಕಾಲ್ಡ್ ಫಾರ್’ ಮಾಡಿದ್ದಾರೆ. ಬಾಗಲಕೋಟೆಯವನ ಊರಿನಲ್ಲಿ ನದಿ ದಾಟಿಸುವ ಬೋಟು ನೀರು ಏರಿದ್ದರಿಂದ ಮುಂದಿನ ಸೂಚನೆಯವರೆಗೆ ‘ಸಸ್ಪೆಂಡೆಡ್’.

ಈಗ ಯಾದಗಿರಿ ಹುಡುಗಿಯ ಸರದಿ. ಅವಳು ಓಢಣಿ ಸರಿಮಾಡಿಕೊಂಡು, ಹಾಳೆಯನ್ನು ಎದೆಮಟ್ಟಕ್ಕೆ ಹಿಡಿದು ಓದುತ್ತಾಳೆ. ಊರಿನ ಕುಡಿಯುವ ನೀರಿನ ಬೋರ್‌ವೆಲ್ಲಿನ ಮೋಟರು ಸುಟ್ಟು ನಾಲ್ಕು ದಿನವಾಗಿದೆ. ಹೆಂಗಸರು ಪಂಚಾಯ್ತಿ ಕಚೇರಿಯ ಮುಂದೆ ಖಾಲಿ ಕೊಡ ಇಟ್ಟು ‘ಸ್ಟೇಜ್ಡ್ ಎ ಪ್ರೊಟೆಸ್ಟ್’. ಎರಡು ದಿನದಲ್ಲಿ ರಿಪೇರಿ ಮಾಡಿಸುವುದಾಗಿ ಪಂಚಾಯ್ತಿಯವರು ‘ಅಶೂರ್ಡ್’. ದನಿ ಎಲ್ಲೂ ಏರುವುದಿಲ್ಲ, ಎಲ್ಲೂ ಕುಸಿಯುವುದಿಲ್ಲ. ಉಳಿದವರು ಸೂಸಲದ ತಾಟಿಗೆ ಹಾಕಿದ ಕೈಯನ್ನು ಅಲ್ಲಿಯೇ ಬಿಟ್ಟು ಕೇಳುತ್ತಿದ್ದಾರೆ.

"ಸೋರ್ಸ್?" ಎನ್ನುತ್ತಾರೆ ಮಾಸ್ತರರು, ಕನ್ನಡಕದ ಮೇಲಿನಿಂದ ನೋಡುತ್ತ. "ಯಾರು ಹೇಳಿದ್ದವಾ ಇದು?"

"ಅಕಾರ್ಡಿಂಗ್ ಟು ಮೈ ಮದರ್, ಸರ. ಆಕೀನೂ ಕೊಡ ಹಿಡಕೊಂಡ ಅಲ್ಲೇ ಕುಂತಿದ್ಲು."

"ಹಂಗಾರ ಅದನ್ನೂ ಬರಿ. ಪ್ರತ್ಯಕ್ಷದರ್ಶಿಗೆ ಏನಂತಾರ ಇಂಗ್ಲಿಷಿನ್ಯಾಗ?"

ನಾಲ್ಕು ಬಾಯಿ ಒಟ್ಟಿಗೆ ತೆರೆಯುತ್ತವೆ. ಅವಳು ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಹವಾಮಾನದ ಪಟ್ಟಿಯ ಪಕ್ಕಕ್ಕೆ, ಆ ಪದವನ್ನು ಸಾಲಿನ ನಡುವೆ ಸೇರಿಸಿ ಮತ್ತೆ ಮೊದಲಿನಿಂದ ಓದಲು ಶುರುಮಾಡುತ್ತಾಳೆ.